ಗಂಜಿ ಕುಡಿದ ಹಿಮ

ಹಿಮವನ್ನು ಮಲಗಿಸಿಟ್ಟು, ಬೇಕಾದಾಗ ಎಬ್ಬಿಸುವ ಹಾಗಿದ್ದರೆ?

ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಏಳು ಜನ ಕನ್ನಡದವರು ಹಿಮಾಲಯದಲ್ಲಿ ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಹೋಗಿ ಎರಡು ವರ್ಷದಿಂದ ಕೂತಿದ್ದರು. ಆರು ಮಂದಿ ವಿಜ್ಞಾನಿಗಳು. ಏಳನೆಯವಳು ಗುಳೇದಗುಡ್ಡದ ಬನವ್ವ, ಅಡುಗೆಯವಳು. ಪ್ರಶ್ನೆ ಆ ಆರು ಮಂದಿಯದು. ಅದಕ್ಕಾಗಿ ಒತ್ತೆ ಬಿದ್ದಿದ್ದ ರೊಟ್ಟಿ ಹಂಚು ಮಾತ್ರ ಬನವ್ವನದು.

ಹಂಚು ಹೋಗಿ ಅವತ್ತಿಗೆ ಒಂಬತ್ತು ದಿನ. ಒಂಬತ್ತು ದಿನದಿಂದ ಅನ್ನ, ಬರೀ ಅನ್ನ. ಅಷ್ಟು ಎತ್ತರದಲ್ಲಿ ಅನ್ನವೂ ಕುಕ್ಕರಿನಲ್ಲಿ ಆರು ಸೀಟಿ ಕೂಗಿಸದಿದ್ದರೆ ಬೇಯುವುದಿಲ್ಲ.

"ಇವತ್ತೂ ಅನ್ನವಾ ಮಾರಾಯ್ತಿ?" ತಂಡದ ಮುಖ್ಯಸ್ಥ ಡಾಕ್ಟರ್ ಕೆದ್ಲಾಯರು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು. ಒಣಕಲು ಮನುಷ್ಯ. ಎಷ್ಟು ತಿಂದರೂ ಮೈಗೆ ಹತ್ತದು.

"ನೀರು ಬಿಡ್ರಿ, ರೊಟ್ಟಿ ತಿನ್ರಿ," ಎಂದಳು ಬನವ್ವ ತಿರುಗಿಯೂ ನೋಡದೆ. "ನನ್ನ ಹಂಚು ನಿಮ್ಮ ನೀರಿನ ಮ್ಯಾಲ ನಿಂತೈತಿ. ಹನ್ನೊಂದು ಗಂಟೆ ಅಂದೀರಿ. ಹನ್ನೊಂದಂದ್ರ ಹನ್ನೊಂದಕ್ಕ ಬರಬೇಕು."

"ಬರ್ತದೆ, ಬರ್ತದೆ. ಇವತ್ತು ನೋಡು ನೀನು!" ಕೆದ್ಲಾಯರು ಕೈ ಉಜ್ಜಿಕೊಂಡರು. ಮದುವೆ ದಿನ ಮದುಮಗನಿಗೆ ಇರುವ ತಳಮಳ ಅವರ ಮುಖದಲ್ಲಿತ್ತು. ಇಡೀ ಸಂಶೋಧನಾ ನಿಲ್ದಾಣಕ್ಕೇ ಅವತ್ತು ಹಬ್ಬ. ಎರಡು ಚಳಿಗಾಲ ಮೂಳೆ ಕೊರೆಸಿಕೊಂಡು ಮಾಡಿದ ಕೆಲಸದ ಫಲ ಅವತ್ತು ಕಾಣಬೇಕಿತ್ತು.

ಶೆರ್ಗಾಂಗ್ ಜಲಪಾತ ಅಂದರೆ ಮುನ್ನೂರ ನಲವತ್ತು ಮೀಟರ್ ಎತ್ತರದ ನೆಟ್ಟಗಿನ ಬಂಡೆ. ಅದರ ನೆತ್ತಿಯ ಹಿಂದೆ ಮೂರು ಶಿಖರಗಳ ನಡುವೆ ಬೋಗುಣಿಯಂಥ ಮೂವತ್ತು ಎಕರೆ ತಗ್ಗು, ತಗ್ಗಿನ ತುಂಬ ಹಿಮ, ಅದರ ಅಂಚಿನಲ್ಲೇ ಇವರ ನಿಲ್ದಾಣ. ಹಿಂದೆಲ್ಲ ಆ ಹಿಮ ಮೇ ತಿಂಗಳಿಂದ ಸೆಪ್ಟೆಂಬರ್ ತನಕ ತೊಟ್ಟು ತೊಟ್ಟಾಗಿ ಕರಗಿ, ಬಂಡೆಯಿಂದ ಧುಮುಕಿ, ಬುಡದಲ್ಲಿದ್ದ ಲುಂಗ್ಪಾ ಎಂಬ ಇಪ್ಪತ್ತೆರಡು ಮನೆಯ ಹಳ್ಳಿಯ ಬಾರ್ಲಿ ಹೊಲಗಳಿಗೆ ಹರಿಯುತ್ತಿತ್ತು. ಆಮೇಲೆ ಬೇಸಿಗೆ ಬೇಗ ಬರತೊಡಗಿತು. ಮಾರ್ಚಿನಲ್ಲೇ ಎಂಟು ದಿನಕ್ಕೆ ಅಷ್ಟೂ ಹಿಮ ಕರಗಿ ಒಮ್ಮೆಗೇ ನುಗ್ಗುವುದು, ಜೂನ್ ಹೊತ್ತಿಗೆ ಬಂಡೆ ಒಣಗಿ ಬಿಳುಚಿಕೊಳ್ಳುವುದು. ಹನ್ನೊಂದು ವರ್ಷದಿಂದ ಇದೇ ಕಥೆ. ಒಂದು ಮಾರ್ಚಿನ ಪ್ರವಾಹ ಆರು ಮನೆಗಳನ್ನು ಹೊತ್ತುಕೊಂಡೂ ಹೋಗಿತ್ತು.

ಕೆದ್ಲಾಯರ ಉಪಾಯ ಇಷ್ಟು. ಹೆಪ್ಪುಗಟ್ಟುವ ಕಡಲಲ್ಲಿ ಬದುಕುವ ಒಂದು ಮೀನಿನ ರಕ್ತದಲ್ಲಿ ಹಿಮದ ಹರಳನ್ನು ಹಿಡಿದಿಡುವ ಒಂದು ಪ್ರೋಟೀನು ಇದೆ. ಅದನ್ನು ಅವರು ಪ್ರಯೋಗಾಲಯದಲ್ಲಿ ಯೀಸ್ಟಿನಿಂದ ಮಾಡಿಸಿದರು. ನೀರಲ್ಲಿ ಕಲಸಿ ಚಳಿಗಾಲದಲ್ಲಿ ಹಿಮದ ಮೇಲೆ ಸಿಂಪಡಿಸಿದರೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಟ್ಟುತ್ತದೆ. ಪೊರೆ ಬಿಸಿಲನ್ನು ವಾಪಸು ಎಸೆಯುತ್ತದೆ, ಕೆಳಗಿನ ಹಿಮ ನಿದ್ದೆ ಹೋಗುತ್ತದೆ. ನೀರು ಬೇಕಾದಾಗ ಬಿಸಿಲಿಗಿಂತ ತೀಕ್ಷ್ಣವಾದ ಹಸಿರು ದೀಪ ಹಚ್ಚಬೇಕು. ಆ ಬೆಳಕು ತಾಗಿದರೆ ಪ್ರೋಟೀನಿನ ಗಂಟು ಸಡಿಲಿ, ಪೊರೆ ಅಂಚಿನಿಂದ ಕರಗುತ್ತ ಹೋಗುತ್ತದೆ. ದೀಪ ಆರಿಸಿದರೆ ಕರಗುವುದು ನಿಲ್ಲುತ್ತದೆ. ನಲ್ಲಿ ತಿರುಗಿಸಿದ ಹಾಗೆ.

ಮೊದಲ ಚಳಿಗಾಲದಲ್ಲಿ ಗಾಳಿ ಈ ಪೊರೆಯನ್ನು ಹಳೇ ಪಂಚೆ ಹರಿದ ಹಾಗೆ ಹರಿದು ಹಾಕಿತು. ಕೆದ್ಲಾಯರು ಊಟ ಬಿಟ್ಟು ಕೂತರು. ತಟ್ಟೆ ವಾಪಸು ಬಂದರೆ ಬನವ್ವನಿಗೆ ಮೈಯೆಲ್ಲ ಉರಿ. "ನೂಲು ಹರೀತಂದ್ರ ನೇಕಾರ ಉಪಾಸ ಕುಂಡ್ರತಾನೇನ್ರಿ? ಗಂಜಿ ಹಾಕತಾನ," ಎಂದು ಗದರಿದ್ದಳು. ಅವಳದು ಕುಪ್ಪಸದ ಖಣ ನೇಯುವ ಮನೆ. ಮಗ್ಗದ ಉದ್ದ ಎಳೆಗೆ, ಅಂದರೆ ಹಾಸಿನ ನೂಲಿಗೆ, ಜೋಳದ ಗಂಜಿ ಹಚ್ಚಿ, ಕುಂಚದಿಂದ ತೀಡಿ, ಬಿಸಿಲಿಗೆ ಬಿಗಿಯಬೇಕು; ಹಾಗೆ ಮಾಡದೆ ಮಗ್ಗಕ್ಕೆ ಏರಿಸಿದರೆ ನೂಲು ಪಟಪಟ ಹರಿಯುತ್ತದೆ. ಎರಡನೆಯ ಚಳಿಗಾಲದಲ್ಲಿ ಕೆದ್ಲಾಯರು ಪೊರೆಯ ದ್ರಾವಣಕ್ಕೆ ಬನವ್ವನ ಗಂಜಿ ಬೆರೆಸಿದರು. ಪ್ರಯೋಗಾಲಯದಲ್ಲಿ ಪರೀಕ್ಷೆಯೂ ಆಯಿತು: ಪೊರೆ ಗಟ್ಟಿ, ಹಸಿರು ಬೆಳಕಿಗೆ ಸಲೀಸಾಗಿ ಕರಗಿತು. ಆ ಚಳಿಗಾಲ ಎಂಥ ಗಾಳಿ ಬೀಸಿದರೂ ಒಂದು ಗೇಣು ಹರಿಯಲಿಲ್ಲ. ಬನವ್ವ ಆಮೇಲೆ ಎರಡು ತಿಂಗಳು ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ.

ಹಂಚು ಒತ್ತೆ ಬಿದ್ದದ್ದು ಅದೇ ಸೊಕ್ಕಿನಲ್ಲಿ.

ಲುಂಗ್ಪಾದ ಪಾಲ್ಮೊ ವಾರಕ್ಕೊಮ್ಮೆ ಬಟಾಣಿ, ಬೆಣ್ಣೆ, ಒಲೆಗೆ ಬೆರಣಿ ಹೊತ್ತು ಮೇಲೆ ಬರುತ್ತಿದ್ದಳು. ಬನವ್ವನ ಹಿಂದಿ ಎಷ್ಟು ಕೆಟ್ಟದ್ದಿತ್ತೆಂದರೆ, ಅದನ್ನು ಕೇಳುವುದಕ್ಕಿಂತ ಕನ್ನಡ ಕಲಿಯುವುದೇ ಸುಲಭವೆಂದು ಪಾಲ್ಮೊ ಕನ್ನಡ ಕಲಿತಿದ್ದಳು. ಒಂದು ದಿನ ಅವಳು ಒಲೆಯ ಮುಂದೆ ಕೂತು, "ಬಿತ್ತೋ ಬೀಜ ಇನ್ನೊಂದೇ ಸಲಕ್ಕ ಐತಿ, ಬನವ್ವಾ. ಬಿತ್ತಿದ್ರ ನೀರು ಬೇಕು. ಬರಲಿಲ್ಲಂದ್ರ ಊರು ಬಿಡತೀವಿ. ನಿಮ್ಮ ಡಾಕ್ಟರ್ ಮಾತು ಯಾರೂ ನಂಬಂಗಿಲ್ಲ. ನೀನು ಮಾತು ಕೊಡತಿ?" ಎಂದು ಕೇಳಿದಳು.

ನೀರಿನ ವಿಷಯದಲ್ಲಿ ಮಾತು ಕೊಡುವವರು ತಮ್ಮ ಒಲೆಯ ಸಾಮಾನೊಂದನ್ನು ಒತ್ತೆಯಿಡಬೇಕು, ಅದು ಆ ಹಳ್ಳಿಯ ರೂಢಿ. ಅದೂ ಎಂಥ ಸಾಮಾನು? ಅದಿಲ್ಲದೆ ಮನೆಯವರು ದಿನಾ ಬೈದುಕೊಳ್ಳುವಂಥದ್ದು. ಬನವ್ವ ಹಿಂದುಮುಂದು ನೋಡಲಿಲ್ಲ. ತಾಯಿ ಕೊಟ್ಟಿದ್ದ ಕಬ್ಬಿಣದ ಹಂಚನ್ನು ಬಿಸಿಬಿಸಿ ಇರುವಾಗಲೇ ಇಕ್ಕಳದಲ್ಲಿ ಎತ್ತಿ ಪಾಲ್ಮೊಳ ಮುಂದಿಟ್ಟಳು. "ಒಂಬತ್ತನೇ ತಾರೀಖಿಗೆ ನೀರು ಬರತೈತಿ. ಹೋಗು, ಬಿತ್ತು."

ಇಪ್ಪತ್ತೆರಡು ಮನೆಯವರೂ ಕಡೆಯ ಬೀಜವನ್ನು ನೆಲಕ್ಕೆ ಹಾಕಿದರು. ಮೊಳಕೆ ಈಗ ಮಣ್ಣಿನಿಂದ ತಲೆ ಎತ್ತಿತ್ತು. ಇನ್ನೊಂದು ದಿನ ಒಣಗಿದರೆ ಮುಗಿಯಿತು.

*

ಹನ್ನೊಂದಾಯಿತು. ಹನ್ನೊಂದೂವರೆ ಆಯಿತು.

ಬನವ್ವನ ಸೊಂಟದಲ್ಲಿದ್ದ ವಾಕಿಟಾಕಿ ಗೊರಗುಟ್ಟಿತು. ಬಂಡೆಯ ಬುಡದಿಂದ ಪಾಲ್ಮೊ. "ಬನವ್ವಾ, ನೀರು ಎಲ್ಲಿ? ಇಲ್ಲಿ ಎರಡು ಬಸ್ಸು ಮಂದಿ ಬಂದಾರ. ಜಲಪಾತ ನೋಡಾಕ ಬಂದಾರ. ಮಳೆ ಅಂಗಿ ಹಾಕ್ಕೊಂಡು ಬಿಸಿಲಾಗ ನಿಂತಾರ. ಮಂದಿ ನಗಾಕತ್ತಾರ."

"ಬರತೈತಿ ತಡಿ! ಜಲಪಾತಂದ್ರ ಏನು ಬಸ್ಸೇನು, ಟೈಮಿಗೆ ಬರಾಕ?" ಎಂದು ಬನವ್ವ ಬಾಯಿ ಮಾಡಿದಳು. ಒಂದು ತಾಸಿನ ಹಿಂದೆ ತಾನೇ ಕೆದ್ಲಾಯರಿಗೆ ಹೇಳಿದ್ದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಸೌಟು ಹಿಡಿದುಕೊಂಡೇ ನಿಯಂತ್ರಣ ಕೊಠಡಿಗೆ ನುಗ್ಗಿದಳು.

ಅಲ್ಲಿ ಬೀಳಗಿಯ ನಸ್ರೀನ್ ಪರದೆಗಳ ಮುಂದೆ ಕೂತಿದ್ದಳು. ದೀಪಗಳ ಉಸ್ತುವಾರಿ ಅವಳದು. ಬೋಗುಣಿಯ ಸುತ್ತ ನಿಲ್ಲಿಸಿದ್ದ ಎಂಟು ಕಂಬಗಳ ಮೇಲೂ ಹಸಿರು ದೀಪ ಧಗಧಗ ಉರಿಯುತ್ತಿತ್ತು. ಪರದೆಯ ಮೇಲೆ ಒಂದೇ ಅಂಕಿ: ಕರಗಿದ ಪೊರೆ, ಶೇಕಡಾ ಸೊನ್ನೆ.

"ದೀಪ ಸರಿ ಅದಾವ್ರಿ ಸರ್," ಎಂದಳು ನಸ್ರೀನ್. "ಪೂರ್ತಿ ಶಕ್ತಿ ಕೊಟ್ಟೀನಿ. ಪೊರೆ ಅಲುಗಾಡವಲ್ದು."

"ಅದು ಹೇಗೆ ಸಾಧ್ಯ? ಪರೀಕ್ಷೆಯಲ್ಲಿ ಹತ್ತು ನಿಮಿಷಕ್ಕೆ ಕರಗಿತ್ತಲ್ಲ!" ಕೆದ್ಲಾಯರು ತಲೆ ಕೆರೆದುಕೊಂಡರು.

"ಪರದಿ ನೋಡಿದ್ರ ಏನ್ ತಿಳೀತೈತ್ರಿ? ಕೈಲೆ ಮುಟ್ಟಿ ನೋಡೀರೇನು?" ಎಂದಳು ಬನವ್ವ.

ಯಾರೂ ಮುಟ್ಟಿ ನೋಡಿರಲಿಲ್ಲ. ಪೊರೆಯ ಮೇಲೆ ಕಾಲಿಡುವುದೇ ನಿಷಿದ್ಧವಾಗಿತ್ತು. ಬನವ್ವ ದಢದಢ ಹೊರಗೆ ನಡೆದು, ಬೋಗುಣಿಯ ಅಂಚಿನಲ್ಲಿ ಮಂಡಿಯೂರಿ, ಉಗುರಿನಿಂದ ಪೊರೆಯ ಒಂದು ತುಂಡನ್ನು ಎಬ್ಬಿಸಿದಳು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿದಳು. ಕಿವಿಯ ಹತ್ತಿರ ಹಿಡಿದು ಮಡಚಿದಳು. ಚಟ್ ಎಂದಿತು.

ನಲವತ್ತು ವರ್ಷದಿಂದ ಅವಳಿಗೆ ಗೊತ್ತಿದ್ದ ಸದ್ದು ಅದು. ಗಂಜಿ ಕುಡಿದು, ಬಿಸಿಲಿಗೆ ಬಿರುಸಾದ ನೂಲಿನ ಸದ್ದು. ಪ್ರಯೋಗಾಲಯದ ಪೊರೆ ನಿನ್ನೆ ಮಾಡಿ ಇವತ್ತು ಪರೀಕ್ಷಿಸಿದ್ದು. ಈ ಪೊರೆ ನಾಲ್ಕು ತಿಂಗಳು ಹಗಲು ಬಿಸಿಲುಂಡು ರಾತ್ರಿ ಹೆಪ್ಪುಗಟ್ಟಿದ್ದು. ಗಂಜಿ ಬಿಗಿದುಕೊಂಡು ಪ್ರೋಟೀನಿನ ಗಂಟುಗಳನ್ನು ಬೆಸುಗೆ ಹಾಕಿದಂತೆ ಹಿಡಿದುಬಿಟ್ಟಿತ್ತು. ಬೆಳಕು ಗಂಟನ್ನು ಸಡಿಲಿಸಿದರೂ ಗಂಜಿ ಬಿಡಬೇಕಲ್ಲ.

ಹಿಂದೆಯೇ ಓಡಿ ಬಂದ ಕೆದ್ಲಾಯರ ಕೈಗೆ ತುಂಡನ್ನು ಕೊಟ್ಟು ಬನವ್ವ ನೆಟ್ಟಗೆ ಹೇಳಿದಳು: "ತಪ್ಪು ನಂದು. ಹಾಸಿನ ನೂಲಿಗೆ ಗಂಜಿ ಹಾಕೂದು ಹೇಳಿದೆ. ಬಟ್ಟಿ ನೇದ ಮ್ಯಾಲ ಗಂಜಿ ತಗೀಬೇಕು ಅನ್ನೂದು ಹೇಳಲಿಲ್ಲ."

ಕೆದ್ಲಾಯರು ತುಂಡನ್ನು ಮಡಚಿ ನೋಡಿದರು. ಮುಖ ಬಿಳಿಚಿತು. ಬೈಯುತ್ತಾರೆಂದು ಬನವ್ವ ಕಾದಳು. ಅವರು ಬೈಯಲಿಲ್ಲ. "ತೆಗೆಯುವುದು ಹೇಗೆ?" ಎಂದು ಕೇಳಿದರು. ಬನವ್ವನಿಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲೇ.

"ನಮ್ಮವ್ವ ಬೂದಿ ನೀರಾಗ ನೆನಸ್ತಿದ್ಲು. ಬೂದಿ ನೀರು, ಬೆಚ್ಚಗ. ಗಂಜಿ ಜಾರಿ ಹೋಗತೈತಿ."

ಬೂದಿ ಎಂಬ ಶಬ್ದ ಕೇಳಿದ್ದೇ ತಡ, ಇಬ್ಬರೂ ಒಟ್ಟಿಗೇ ಅಡುಗೆಮನೆಯ ಹಿಂಬದಿಗೆ ನೋಡಿದರು.

ಅಲ್ಲಿ ಎಂಬತ್ತಮೂರು ಚೀಲ ಬೂದಿ ಒಟ್ಟಿತ್ತು. ಅದರ ಮೇಲೊಂದು ಬೋರ್ಡು: 'ಹಿಮದ ಮೇಲೆ ಬೂದಿ ಚೆಲ್ಲಬಾರದು.' ಬೋರ್ಡು ಕನ್ನಡದಲ್ಲಿತ್ತು, ಓದಬೇಕಾದವಳು ಒಬ್ಬಳೇ ಇದ್ದಳು. ಬಂದ ಹೊಸದರಲ್ಲಿ ಬನವ್ವ ಊರಲ್ಲಿ ತಿಪ್ಪೆಗೆ ಎಸೆದ ಹಾಗೆ ಒಲೆಯ ಬೂದಿಯನ್ನು ಹಿತ್ತಲಿನ ಹಿಮಕ್ಕೆ ಎಸೆದಿದ್ದಳು. ಸಂಜೆಯೊಳಗೆ ಅಲ್ಲಿ ಬಾವಿಯಂಥ ಗುಂಡಿ ಬಿದ್ದಿತ್ತು. ಬಿಳಿ ಹಿಮ ಬಿಸಿಲನ್ನು ಎಸೆಯುತ್ತದೆ, ಕಪ್ಪು ಬಿದ್ದ ಹಿಮ ಬಿಸಿಲನ್ನು ಕುಡಿಯುತ್ತದೆ. ಅವತ್ತು ಕೆದ್ಲಾಯರು ಕುಣಿದಾಡಿ ಬೈದಿದ್ದರು. ಅಂದಿನಿಂದ ಒಂದು ಚಿಟಿಕೆ ಬೂದಿಯೂ ಹಾರದ ಹಾಗೆ ಚೀಲ ಕಟ್ಟಿ ಕಟ್ಟಿ ಅವಳ ಬೆರಳು ಸವೆದಿದ್ದವು.

"ಬೂದಿ ಎರಚಿದ್ರ ಬಿಸಿಲು ಪೊರೇನ ಬೆಚ್ಚಗ ಮಾಡತೈತಿ, ಬೂದಿಯೊಳಗಿನ ಕ್ಷಾರ ಗಂಜೀನ ಸಡಲ ಮಾಡತೈತಿ. ಒಂದೇ ಏಟಿಗೆ ಎರಡು ಕೆಲಸ!" ಬನವ್ವನ ದನಿ ಏರಿತು.

"ಬೇಡ!" ಕೆದ್ಲಾಯರು ಹೌಹಾರಿದರು. "ಮೂವತ್ತು ಎಕರೆಯೂ ಒಮ್ಮೆಗೇ ಕರಗಿದರೆ? ಮಾರ್ಚಿನಲ್ಲಿ ಆದದ್ದೇ ಮತ್ತೆ ಆಗ್ತದೆ. ಆರು ಮನೆ ಹೋಗಿತ್ತು, ಈಗ ಹಳ್ಳಿಯೇ ಹೋಗ್ತದೆ. ಕೆಳಗೆ ಎರಡು ಬಸ್ಸು ಜನ ಬೇರೆ ಇದ್ದಾರೆ."

ಮಾತು ಸರಿಯಾಗಿತ್ತು. ಬನವ್ವ ಬೋಗುಣಿಯ ಕಡೆ ನೋಡಿದಳು. ಅಷ್ಟಗಲಕ್ಕೂ ಒಂದೇ ಬಿಳಿ, ನೇಯ್ದು ಹಾಸಿದ ಬಟ್ಟೆಯ ಹಾಗೆ. ನೋಡ ನೋಡುತ್ತ ಅವಳ ಕಣ್ಣು ಅಗಲವಾಯಿತು.

"ಪಟ್ಟಿ ಹಾಕೂಣು! ಖಣದಾಗ ಪಟ್ಟಿ ಇರತಾವಲ್ರಿ, ಹಂಗ. ಒಂದು ಪಟ್ಟಿ ಕರೇದು, ಮೂರು ಪಟ್ಟಿ ಬಿಳೇದು. ಕರೇ ಪಟ್ಟಿ ಅಷ್ಟ ಹರೀತಾವು. ಬಿಳೇ ಪಟ್ಟಿ ಮಲಗೇ ಇರತಾವು."

ಕೆದ್ಲಾಯರು ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದರು. "ಕಾಲು ಭಾಗ... ಅಷ್ಟು ನೀರನ್ನು ಹೊಳೆ ತಡೀತದೆ. ಮತ್ತೆ ಪಟ್ಟಿ ಹರಿದಲ್ಲೆಲ್ಲ ಪೊರೆಗೆ ಹೊಸ ಅಂಚು ಹುಟ್ತದೆ! ಪಟ್ಟಿಯಲ್ಲಿ ಹರಿವ ನೀರಲ್ಲಿ ಬೂದಿ ಕರಗಿ ಆ ಅಂಚಿನ ಗಂಜಿಯನ್ನೂ ಬಿಡಿಸ್ತದೆ. ಅಲ್ಲಿಂದ ಮುಂದೆ ದೀಪ ಹಿಡಿದರಾಯ್ತು, ಬೇಕಾದಷ್ಟೇ ಕರಗಿಸಬಹುದು!" ಎಂದು ಬನವ್ವನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. "ಎಂತ ಹೆಂಗಸು ನೀನು!"

"ಕೈ ಬಿಡ್ರಿ, ಚೀಲ ಎತ್ರಿ! ಬಿಸಿಲು ಇಳಿದ್ರ ಎಲ್ಲಾ ಹೋತು."

*

ಅಂಥ ಓಡಾಟವನ್ನು ಆ ಬೆಟ್ಟ ಯಾವತ್ತೂ ಕಂಡಿರಲಿಕ್ಕಿಲ್ಲ. ನೀರು ಹೊರಡುವುದನ್ನು ನೋಡಲೆಂದು ಹಳ್ಳಿಯ ಮೂವತ್ತು ಮಂದಿ ಬೆಳಿಗ್ಗೆಯೇ ಬೆಟ್ಟ ಹತ್ತಿ ಬಂದಿದ್ದರು. ಪಾಲ್ಮೊಳ ಮೈದುನ ಅಂಗ್ರುಪ್ ಅವರ ಮುಂದಾಳು. ವಿಷಯ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಮ ಬೇಗ ಕರಗಲೆಂದು ತನ್ನ ಅಜ್ಜ ಹೊಲಕ್ಕೆ ಬೂದಿ ಎರಚುತ್ತಿದ್ದನಂತೆ. ಇಷ್ಟು ಓದಿದವರಿಗೆ ಅದು ಹೊಳೆಯಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಬನವ್ವ ಅವನ ಕೈಗೊಂದು ಬುಟ್ಟಿ ಕೊಟ್ಟಳು.

ಹಗ್ಗ ಎಳೆದು ಗುರುತು ಹಾಕಿದರು. ಎರಡು ಗೆರೆಗಳ ನಡುವೆ ನಾಲ್ಕು ಮಾರು ಕರಿ, ಆಮೇಲೆ ಹನ್ನೆರಡು ಮಾರು ಬಿಳಿ. ವಿಜ್ಞಾನಿಗಳು ಚೀಲ ಹೊತ್ತರು, ಹಳ್ಳಿಯವರು ಬುಟ್ಟಿ, ತಗಡು, ಟೋಪಿ, ಸಿಕ್ಕಿದ್ದರಲ್ಲಿ ಬೂದಿ ತುಂಬಿಕೊಂಡು ಬಿತ್ತಿದರು. ನಸ್ರೀನ್ ಕಿಟಕಿಯಿಂದ ತಲೆ ಹೊರಗೆ ಹಾಕಿ ತಾಪಮಾನ ಕೂಗುತ್ತಿದ್ದಳು. ಬನವ್ವ ನಡುವೆ ನಿಂತು ಸೌಟು ಬೀಸುತ್ತ ಎಲ್ಲರನ್ನೂ ಬೈಯುತ್ತಿದ್ದಳು. "ಏ ಅಂಗ್ರುಪ್ಯಾ, ಗೆರಿ ದಾಟಬ್ಯಾಡ! ಕೆದ್ಲಾಯರ, ಅದೇನು ಉಪ್ಪು ಉದುರಿಸಿದಂಗ? ಕೈ ಬಿಚ್ಚಿ ಹಾಕ್ರಿ! ಎರಡು ವರ್ಷ ಕೂಡಿಟ್ಟೀನಿ, ಇವತ್ತು ಕಂಜೂಸ್‌ತನ ಮಾಡಬ್ಯಾಡ್ರಿ!"

ಒಂದೂವರೆಗೆ ಚೀಲಗಳು ಬರಿದಾದವು. ಬೋಗುಣಿ ಈಗ ಹಾಸಿಟ್ಟ ದೊಡ್ಡ ಖಣದಂತೆ ಪಟ್ಟೆಪಟ್ಟೆಯಾಗಿತ್ತು. ಎಲ್ಲರ ಮುಖವೂ ಕಪ್ಪು, ಹಲ್ಲು ಮಾತ್ರ ಬೆಳ್ಳಗೆ. ಬಿಸಿಲು ನೆತ್ತಿಯ ಮೇಲಿತ್ತು.

"ಕರಗಿದ್ದು ಸೊನ್ನೆ!" ನಸ್ರೀನ್ ಕೂಗಿದಳು. ಕಾಲು ಗಂಟೆ ಬಿಟ್ಟು ಮತ್ತೆ, "ಸೊನ್ನೆ!"

ವಾಕಿಟಾಕಿ ಗೊರಗುಟ್ಟಿತು. "ಬನವ್ವಾ, ಒಂದು ಬಸ್ಸು ಹೋತು."

"ಹೋಗಲಿ! ಹೋದವ್ರು ಹಣೇಬರಾ ಸರಿಯಿಲ್ದವರು!" ಎಂದು ಚೀರಿದಳು ಬನವ್ವ. ಇಪ್ಪತ್ತೆರಡು ಮನೆಯ ಕಡೆಯ ಬೀಜ. ಡಾಕ್ಟರರ ಮಾತು ನಂಬದೆ ತನ್ನ ಮಾತು ನಂಬಿ ಬಿತ್ತಿದ್ದು. ಹಂಚು ಹೋದರೆ ಹೋಗಲಿ, ಪಾಲ್ಮೊಳ ಮುಖ ನೋಡುವುದು ಹೇಗೆ?

ಆಗ ಅಂಗ್ರುಪ್ ತುಟಿಯ ಮೇಲೆ ಬೆರಳಿಟ್ಟ.

ಕಾಲ ಕೆಳಗೆಲ್ಲೋ ಚಿಟ್ ಎಂದಿತು. ಮತ್ತೊಂದು ಕಡೆ ಚಿಟ್. ಮಗ್ಗದಲ್ಲಿ ನೂಲು ಹರಿಯುವಾಗ ಬರುವ ಸದ್ದು. ಬನವ್ವ ಹುಟ್ಟಿದಾಗಿನಿಂದ ಆ ಸದ್ದು ಕೇಳಿದಾಗಲೆಲ್ಲ ಬೈದವಳು. ಅವತ್ತು ಮೊದಲ ಸಲ ಅದನ್ನು ಕೇಳಿ ಕುಣಿದಾಡಿದಳು. ಚಿಟ್ ಚಿಟ್ ಚಿಟ್ ಎಂದು ಕರೀ ಪಟ್ಟಿಗಳುದ್ದಕ್ಕೂ ಪೊರೆ ಬಿರಿಯತೊಡಗಿತು. ಬಿರುಕಿನಲ್ಲಿ ನೀರು ಮಿಂಚಿತು. ಮಿಂಚಿದ್ದು ಹರಿಯಿತು. ಹರಿದದ್ದು ಪಕ್ಕದ ಹರಿವಿಗೆ ಕೂಡಿತು.

"ಒಂದು! ಮೂರು! ಏಳು!" ನಸ್ರೀನ್ ಕಿಟಕಿಯಲ್ಲಿ ಕಿರುಚುತ್ತಿದ್ದಳು. "ಸರ್, ಪಟ್ಟಿಯ ಅಂಚಿನಾಗ ದೀಪಾನೂ ಹಿಡೀತ್ರಿ! ಕರಗಾಕತ್ತೈತಿ!"

ಹರಿವುಗಳೆಲ್ಲ ಬೋಗುಣಿಯ ತುಟಿಯಲ್ಲಿ ಒಂದಾಗಿ, ಒಣಬಂಡೆಯನ್ನು ನೆನೆಸಿಕೊಂಡು, ಅಂಚಿಗೆ ಬಂದು, ಅರೆಕ್ಷಣ ತಡೆದು, ಧುಮುಕಿದವು.

ಮೇಲೆ ನಿಂತವರಿಗೆ ಅಷ್ಟೇ ಕಂಡದ್ದು. ಅಂಚಿನಾಚೆ ಬರೀ ಆಕಾಶ. ಬನವ್ವ ವಾಕಿಟಾಕಿ ಬಾಯಿಗೆ ಹಿಡಿದಳು. "ಪಾಲ್ಮೊ! ಬಂತೇನು?"

"ಮ್ಯಾಲೆ ಬಿಳೇ ದಾರ ಕಾಣತೈತಿ! ಬರಾಕತ್ತೈತಿ... ಬರಾಕತ್ತೈತಿ... ಇಲ್ಲ ಬನವ್ವಾ, ಗಾಳಿ ತಿಂತು. ನಡುವ ಹೊಗಿ ಆತು."

"ತಡಿ, ಹಿಂದ ಇನ್ನೂ ಐತಿ!"

ಒಂದು ನಿಮಿಷ. ಎರಡು. ಇಡೀ ಬೆಟ್ಟವೇ ಆ ಪುಟ್ಟ ಡಬ್ಬಿಗೆ ಕಿವಿಗೊಟ್ಟು ನಿಂತಿತ್ತು.

ಡಬ್ಬಿಯೊಳಗಿಂದ ಸದ್ದು ಬಂತು. ಟಣ್.

ಮತ್ತೆ, ಟಣ್. ಟಣ್ ಟಣ್. ಆಮೇಲೆ ಎಣಿಸಲಾರದಷ್ಟು, ಒಂದರ ಮೇಲೊಂದು, ಕಬ್ಬಿಣದ ಮೇಲೆ ಹನಿಯ ಮಳೆ.

ಬನವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಾಯಿಯ ಕೈಯಿಂದ ತನ್ನ ಕೈಗೆ ಬಂದ ಹಂಚಿನ ದನಿ ಅವಳಿಗೆ ಗೊತ್ತಾಗದಿದ್ದೀತೇ? ಪಾಲ್ಮೊ ಬಂಡೆಯ ಬುಡದಲ್ಲಿ ಹಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ವಾಕಿಟಾಕಿಯ ಗುಂಡಿ ಒತ್ತಿ ನಿಂತಿದ್ದಳು.

*

ಎರಡು ವರ್ಷ ಜಲಪಾತದ ನೆತ್ತಿಯ ಮೇಲೆ ಬದುಕಿದರೂ ಬನವ್ವ ಅದನ್ನು ಕೆಳಗಿಂದ ನೋಡಿರಲಿಲ್ಲ. ನೀರಿಲ್ಲದ ಬಂಡೆ ನೋಡಲು ಬಾದಾಮಿ ಸಾಲದೇ ಎನ್ನುತ್ತಿದ್ದಳು. ಕೆಳಗಿಳಿಯಲು ಕಾಲುದಾರಿಯಲ್ಲಿ ಮೂರು ತಾಸು. ಇಲ್ಲವೇ ಸಾಮಾನು ಸಾಗಿಸುವ ತಂತಿಯ ತೊಟ್ಟಿಲಲ್ಲಿ ಹನ್ನೆರಡು ನಿಮಿಷ. 'ನಾನೇನು ಆಲೂಗಡ್ಡಿ ಚೀಲೇನು?' ಎಂದು ಆ ತೊಟ್ಟಿಲಿನ ಹತ್ತಿರವೂ ಸುಳಿಯದಿದ್ದವಳು ಅವತ್ತು ಸೆರಗು ಬಿಗಿದು ಹತ್ತಿ ಕೂತಳು.

"ಅದು ಮನುಷ್ಯರಿಗಲ್ಲ ಮಾರಾಯ್ತಿ!" ಎಂದು ಕೂಗಿದರು ಕೆದ್ಲಾಯರು.

"ಬಿಡ್ರಿ ತಂತಿ!"

ತೊಟ್ಟಿಲು ಅಂಚು ದಾಟಿದ್ದೇ ಬನವ್ವ ಕಣ್ಣು ಮುಚ್ಚಿದಳು. ಮುಖಕ್ಕೆ ತಣ್ಣಗೆ ಏನೋ ಹೊಡೆಯಿತು, ಕಣ್ಣು ಬಿಟ್ಟಳು.

ಮಾರು ದೂರದಲ್ಲಿ ಅದು ಅವಳ ಜೊತೆಗೇ ಇಳಿಯುತ್ತಿತ್ತು. ಮೇಲೆ ಹಗ್ಗದಷ್ಟು ದಪ್ಪ, ನಡುವೆ ಗಾಳಿಗೆ ಬಿಚ್ಚಿಕೊಂಡು ಸೀರೆಯಷ್ಟು ಅಗಲ, ಕೆಳಗೆ ಬರೀ ಬೆಳಕಿನ ಪುಡಿ. ಬಂಡೆಯ ಮೈಮೇಲೆ ಕೂತಿದ್ದ ಧೂಳು ತೊಳೆದು ಹೋಗಿ ಕೆಂಪು, ನೀಲಿ, ಹಳದಿ ಗೆರೆಗಳು ಏಳುತ್ತಿದ್ದವು. ಮುನ್ನೂರ ನಲವತ್ತು ಮೀಟರ್ ಉದ್ದಕ್ಕೂ ಬನವ್ವ ಬಾಯಿ ತುಂಬ ಕೂಗಿದಳು. ಏನು ಕೂಗಿದಳೋ ಅವಳಿಗೇ ಗೊತ್ತಿಲ್ಲ. ಜಲಪಾತದ ಸದ್ದಿನಲ್ಲಿ ಅದು ಯಾರಿಗೂ ಕೇಳಲೂ ಇಲ್ಲ.

ಬುಡದಲ್ಲಿ ಉಳಿದಿದ್ದ ಒಂದು ಬಸ್ಸಿನ ಜನ ಮಳೆಯಂಗಿ ಕಿತ್ತೆಸೆದು ನೀರಿಗೆ ಮೈ ಕೊಟ್ಟು ಕುಣಿಯುತ್ತಿದ್ದರು. ನೀರು ಬೂದಿ ಹೊತ್ತು ತಂದು ಮಸಿಯ ಬಣ್ಣವಾಗಿತ್ತು. ಯಾರಿಗೂ ಅದರ ಪರಿವೆ ಇರಲಿಲ್ಲ. ಕರೀ ನೀರು ಕಾಲುವೆ ಹಿಡಿದು ಹೊಲಗಳ ಕಡೆ ತಿರುಗಿತ್ತು. ಮುದುಕರು ಬಾಗಿ ಬಾಗಿ ಮೊಳಕೆಗಳ ಸಾಲಿನಲ್ಲಿ ಅದಕ್ಕೆ ದಾರಿ ಮಾಡಿಕೊಡುತ್ತಿದ್ದರು.

"ನೀರು ಕರೇದೈತಿ," ಎಂದಳು ಪಾಲ್ಮೊ, ಮೇಲಿಂದ ಕೆಳಗೆ ತೊಯ್ದು.

"ಗೊಬ್ಬರಾನೂ ಕಳಿಸೀನಿ ಅಂತ ತಿಳಕೋ. ಎಲ್ಲಿ, ನನ್ನ ಹಂಚು ಕೊಡು. ಮ್ಯಾಲೆ ಆರು ಮಂದಿ ರೊಟ್ಟಿ ರೊಟ್ಟಿ ಅಂತ ಬಾಯಿ ಬಿಟ್ಟಾರ."

ಪಾಲ್ಮೊ ಹಂಚನ್ನು ಎದೆಗೆ ಅವುಚಿಕೊಂಡಳು. "ಈ ವರ್ಷದ್ದು ಮುಗೀತು. ಬರೋ ವರ್ಷಕ್ಕ ಮಾತು ಕೊಡತಿಯೋ ಇಲ್ಲೋ?"

ಬನವ್ವನ ಮುಖ ಕೆಂಪಗಾಯಿತು. ಬೈಯಲೆಂದು ಬಾಯಿ ತೆರೆದಳು. ತೆರೆದ ಬಾಯಿಗೆ ಗಾಳಿ ಒಂದು ಬೊಗಸೆ ಹಿಮದ ನೀರು ತಂದು ಹಾಕಿತು. ಬೂದಿಯ ರುಚಿ, ತನ್ನ ಒಲೆಯದೇ ಬೂದಿ. ಅವಳು ಅದನ್ನು ನುಂಗಿ, ತಲೆಯೆತ್ತಿ, ಅಷ್ಟೆತ್ತರದಿಂದ ಇಳಿಯುತ್ತಿದ್ದ ನೀರನ್ನು ಇನ್ನೊಮ್ಮೆ ಕಣ್ತುಂಬ ನೋಡಿದಳು. ಸೊಂಟದ ವಾಕಿಟಾಕಿ ತೆಗೆದು ಗುಂಡಿ ಒತ್ತಿದಳು.

"ಕೆದ್ಲಾಯರ, ಕೇಳ್ರಿ. ಬರೋ ಸಲ ಗಂಜಿ ಹಾಕೂಣು, ಆದ್ರ ಪಟ್ಟಿ ಬಿಟ್ಟು ಹಾಕೂಣು. ಇನ್ನೊಂದು ಮಾತು. ಇನ್ನೊಂದು ವರ್ಷ ಅನ್ನಾನ ಉಣ್ಣಬೇಕಾಗತೈತಿ ನೀವು."